ಮಾಕಳಿದುರ್ಗದ ಗೋಡೆಯ ಮುಂದೆ

ಯಲಹಂಕದಿಂದ ಬೆಳಗಿನ ರೈಲಿನಲ್ಲಿ ಬಂದು, ಚಿಕ್ಕಪ್ಪನೂ ನಾನೂ ಮಾಕಳಿದುರ್ಗದ ಬೆಟ್ಟ ಹತ್ತುತ್ತಿದ್ದೆವು. ಕೊಡಿಗೇಹಳ್ಳಿಯಲ್ಲಿ ಮೂವತ್ತು ವರ್ಷ ಕಲ್ಲು ಕಡಿದ ಅವರ ಎದೆಯಲ್ಲಿ ಈಗ ಆ ಧೂಳೇ ಕೂತಿದೆ. ಅರ್ಧ ದಾರಿಗೇ ಉಸಿರು ಕಟ್ಟಿತು.

"ಸಾಕು ಚಿಕ್ಕಪ್ಪ, ಇಳಿದುಬಿಡೋಣ" ಎಂದೆ.

"ಸುಮ್ನಿರೋ. ಕೋಟೆ ಗೋಡೆ ಮುಟ್ಟದೆ ನಾನ್ ಬರಲ್ಲ."

ಹತ್ತು ಹೆಜ್ಜೆಗೊಮ್ಮೆ ಕೂರುತ್ತಾ ಮೇಲೆ ತಲುಪಿದೆವು. ಕೆಳಗೆ ಕೆರೆಯೂ ರೈಲು ಹಳಿಯೂ ಬಿಸಿಲಿಗೆ ಹೊಳೆಯುತ್ತಿದ್ದವು. ಚಿಕ್ಕಪ್ಪ ಅತ್ತ ನೋಡಲೇ ಇಲ್ಲ. ಗೋಡೆಯ ಕಲ್ಲೊಂದರ ಮೇಲಿದ್ದ ಉಳಿಯ ಗೆರೆಗಳನ್ನು ಬೆರಳಿನಿಂದ ಸವರುತ್ತಾ ನಿಂತರು. ಅಕ್ಕಪಕ್ಕದ ಕಲ್ಲುಗಳಲ್ಲಿ ಗೆರೆಗಳು ಒಂದು ಕಡೆ ವಾಲಿದ್ದರೆ, ಇದರಲ್ಲಿ ಇನ್ನೊಂದು ಕಡೆ ವಾಲಿದ್ದವು.

"ಇದನ್ನ ಕಡಿದೋನು ಎಡಚ ಕಣೋ. ನಾನೂ ಎಡಚನೇ."

ನನಗೆ ಆಶ್ಚರ್ಯವಾಯಿತು. ಅವರು ಎಡಗೈಯಲ್ಲಿ ಸುತ್ತಿಗೆ ಹಿಡಿದದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

"ಕೆಲಸ ಕಲಿಸೋವಾಗ ನಿಮ್ ತಾತ ನನ್ ಎಡಗೈನ ಹಗ್ಗದಲ್ಲಿ ಕಟ್ಟಿ ಕೂರಿಸ್ತಿದ್ರು. ಎಡಗೈ ಕೆಲಸ ದೇವಸ್ಥಾನಕ್ಕೆ ಆಗಲ್ಲ ಅಂತ. ಇವನ್ ಕೈನ ಯಾರೂ ಕಟ್ಟಿಲ್ಲ ನೋಡು."

ಚಿಕ್ಕಪ್ಪ ಎಡಗೈ ಎತ್ತಿದರು. ಇಲ್ಲದ ಸುತ್ತಿಗೆಯನ್ನು ಹಿಡಿದು, ಆ ಗೆರೆಗಳ ಮೇಲೆ ಮೆಲ್ಲಗೆ ಎರಡು ಏಟು ಹಾಕಿದರು.