ಹಗ್ಗ ಮುಟ್ಟಿದವಳ ಪಾಲು

ಕೋಡಿಯ ಕಡಲಬದಿಯಲ್ಲಿ ಕೈರಂಪಣಿ ಬಲೆ ಎಳೆಸುವ ಪಾಂಡಣ್ಣನ ಬಾಯಿಗೆ ಹೆದರದವಳು ಅವನ ಎರಡು ವರ್ಷದ ಮೊಮ್ಮಗಳು ಪ್ರೇಕ್ಷಾ ಒಬ್ಬಳೇ. ಬಲೆಯ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನ ಪಾಲುಂಟು. ಹಾಗಾಗಿ ದಿನಾ ಬೆಳಿಗ್ಗೆ ಅವಳ ಕೈಯನ್ನೂ ಹಗ್ಗಕ್ಕೆ ಮುಟ್ಟಿಸಿ, ಪುಟ್ಟ ಬಕೆಟ್ಟಿಗೆ ಎರಡು ಬಂಗುಡೆ ಹಾಕುತ್ತಾನೆ. "ನೀ ಎಳದ್ದೆಷ್ಟು ಅಂತ ಕಡಲಿಗೇ ಗೊತ್ತಿತ್ತ್. ಪಾಲು ತಕಂಡವಳು ಕೊಡೂಕೂ ಕಲೀಕ್, ಹೋಪ" ಎಂದು ಗದರಿ, ಬಲೆ ಎಳೆಯಲಾಗದ ಮುದುಕರ ಮನೆಗೆ ನಡೆಸುತ್ತಾನೆ. ದಾರಿಯುದ್ದಕ್ಕೂ ಕಾಗೆಗೆ ಬೈಗುಳ, ಬಕೆಟ್ಟಿಗೂ ಬೈಗುಳ. ತನ್ನ ಅಕ್ಕ ವನಜಳ ಅಂಗಳ ಬಂದರೆ ಮಾತ್ರ ಬಾಯಿ ಕಟ್ಟಿ ತೆಂಗಿನ ಮರದ ಹಿಂದೆ ನಿಲ್ಲುತ್ತಾನೆ. ಅವನು ಸಿಟ್ಟಿನಲ್ಲಿ ಆಡಿದ ಒಂದು ಮಾತಿಗೆ ಅವಳು ಏಳು ವರ್ಷದಿಂದ ಅವನ ಕೈಯ ಮೀನು ಮುಟ್ಟಿಲ್ಲ. ಮಗು ಕೊಟ್ಟದ್ದನ್ನು ಬೇಡ ಅನ್ನಲಾಗದೆ ತೆಗೆದುಕೊಳ್ಳುತ್ತಾಳೆ. ಮೊನ್ನೆ ಬಕೆಟ್ಟು ತೊಳೆದು ಕೊಡುತ್ತಾ ಹೇಳಿದಳು: "ಮರದ ಹಿಂದೆ ನಿಂತವನಿಗೂ ಗಂಜಿ ಬಡ್ಸಿದ್ದೆ ಅಂತ ಹೇಳ್ ಮಗಾ."