ಇಂಟರ್‌ವಲ್ ತನಕದ ಓಟ

ನನ್ನ ಸೋದರಮಾವನ ಮೇಲೆ ಸಿನಿಮಾ ಬಂದಿದೆ ಎಂದು ತಿಳಿದದ್ದು ಅಮೆರಿಕದ ಪ್ಲೇನೋ ಊರಿನ ನಮ್ಮ ಮನೆಯಲ್ಲಿ, ಆಫೀಸ್ ಮೀಟಿಂಗ್ ಒಂದರ ಮಧ್ಯೆ ಕದ್ದು ವಾಟ್ಸಾಪ್ ನೋಡುವಾಗ. ಎಲ್ಲರೂ ಮರೆತ ಓಟಗಾರ, ಆಮೇಲೆ ಬಂದೂಕು ಹಿಡಿದ ಡಕಾಯಿತ, ನಿಜಜೀವನದ ಕಥೆ ಎಂದಿತ್ತು ಪೋಸ್ಟರ್. ಅವನ ಹೆಸರು ಬದಲಿಸಿದ್ದರು, ಊರನ್ನು ಬದಲಿಸಿರಲಿಲ್ಲ. ಶುಕ್ರವಾರ ಇರ್ವಿಂಗ್, ಶನಿವಾರ ಆಸ್ಟಿನ್, ಭಾನುವಾರ ಹ್ಯೂಸ್ಟನ್. ಟೆಕ್ಸಸ್ಸಿನಲ್ಲಿ ಕನ್ನಡ ಸಿನಿಮಾಗಳ ಹಣೆಬರಹವೇ ಅಷ್ಟು: ಊರಿಗೊಂದು ಶೋ, ತಪ್ಪಿದರೆ ತಪ್ಪಿತು.

ಅಮ್ಮ ಮಗಳಾದ ನನ್ನೊಂದಿಗೇ ಇದ್ದಾಳೆ. ಅವಳಿಗೆ ಹೇಳಬೇಕೋ ಬೇಡವೋ ಎಂದು ಮೀಟಿಂಗ್ ಬಿಟ್ಟು ಮನೆಯೆಲ್ಲ ಸುತ್ತಿದೆ. ಮಾವನ ಮಾತು ಬಂದರೆ ನಮ್ಮಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತದೆ, ಅಷ್ಟೇ. ಜಮೀನಿನ ಜಗಳದಲ್ಲಿ ದಾಯಾದಿಗಳು ಅವನನ್ನು ಹೊಡೆದು ಅರೆಜೀವ ಮಾಡಿದಾಗ ಅವನ ದೂರು ಕೇಳುವವರೇ ಇರಲಿಲ್ಲ. ಅವನು ಗುಡ್ಡ ಸೇರಿದ, ಇಬ್ಬರನ್ನು ಕೊಂದ, ಕೊನೆಗೆ ಪೊಲೀಸರ ಗುಂಡಿಗೆ ಸತ್ತ. ಅಜ್ಜ ಅವನ ಫೋಟೊಗಳನ್ನು ಸುಟ್ಟ, ಗೆದ್ದ ಕಪ್‌ಗಳನ್ನು ಬಾವಿಗೆ ಎಸೆದ. ಅಮ್ಮ ಉಪ್ಪು ಹಾಕಿಡುತ್ತಿದ್ದ ಕಪ್ಪನ್ನೂ ಬಿಡಲಿಲ್ಲ. ಹೆಣ್ಣುಮಗಳೆಂದು ಅಮ್ಮನನ್ನು ಯಾರೂ ಮೈದಾನಕ್ಕೆ ಕರೆದೊಯ್ದಿರಲಿಲ್ಲ. ತಮ್ಮ ಓಡುವುದನ್ನು ಅವಳು ಒಮ್ಮೆಯೂ ನೋಡಿಲ್ಲ.

ಕೊನೆಗೆ ಹೇಳಿಯೇಬಿಟ್ಟೆ. ಅಮ್ಮ ಕೊತ್ತಂಬರಿ ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. “ಓಡೂದು ಅಷ್ಟ ನೋಡ್ತೀನಿ. ಬಂದೂಕ ಬ್ಯಾಡ. ಇಂಟರ್‌ವಲ್ಲಿಗೆ ಎದ್ದು ಬಂದುಬಿಡೂಣು,” ಎಂದಳು. “ಮತ್ತ ಯಾರಿಗೂ ಹೇಳಬ್ಯಾಡ, ಅಂವಾ ನಮ್ಮವ ಅಂತ.”

ಶುಕ್ರವಾರ ನಾನು ನೆಮ್ಮದಿಯಾಗಿ ಹೊರಟೆ. ನಮ್ಮವರ ಶೋ ಎಂದರೆ ನನಗೆ ಗೊತ್ತಿಲ್ಲವೇ? ಮೊದಲು ಸ್ವಾಗತ, ಆಮೇಲೆ ಪ್ರಾಯೋಜಕರಿಗೆ ವಂದನೆ, ಆಮೇಲೆ ವೇದಿಕೆಯೇ ಇಲ್ಲದ ಥಿಯೇಟರಿನಲ್ಲಿ ವೇದಿಕೆಯ ಮೇಲಿನ ಗಣ್ಯರಿಗೆ ಹೂಗುಚ್ಛ. ದಾರಿಯಲ್ಲಿ ಇಂಡಿಯನ್ ಅಂಗಡಿಗೆ ನುಗ್ಗಿ ಕರಿಬೇವು, ಬದನೆಕಾಯಿ ಕೊಂಡು, ಬಿಲ್ಲಿನ ಸಾಲಿನಲ್ಲಿ ಗಂಟೆಯನ್ನೇ ಕಳೆದೆ. ಅಮ್ಮ ಕಾರಿನಲ್ಲೇ ಕೂತು ಗಡಿಯಾರ ನೋಡಿದಳು. ಆದರೆ ಅವತ್ತು ಥಿಯೇಟರಿನವರು ಭಾಷಣಕ್ಕೆ ಸಮಯವನ್ನೇ ಕೊಟ್ಟಿರಲಿಲ್ಲವಂತೆ. ನಾವು ಕತ್ತಲಲ್ಲಿ ಸೀಟು ತಡಕುವಷ್ಟರಲ್ಲಿ ಪರದೆಯ ಮೇಲೆ ಮಾವ ಬಂದೂಕಿಗೆ ಗುಂಡು ತುಂಬುತ್ತಿದ್ದ.

ಅಮ್ಮ ತಿರುಗಿ ಹೊರಗೆ ನಡೆದಳು. ಪಾಪ್‌ಕಾರ್ನ್ ವಾಸನೆಯ ಲಾಬಿಯಲ್ಲಿ ನಿಂತು ಕೇಳಿದಳು, “ಓಡೂದು ಮುಗದ ಹೋತೇನು?”

ಮುಗಿದಿತ್ತು. ಆ ಕರಿಬೇವನ್ನು ಕಸದ ಬುಟ್ಟಿಗೆ ಎಸೆಯುವಷ್ಟು ಸಿಟ್ಟು ಬಂತು.

ಮರುದಿನ ಬೆಳಿಗ್ಗೆಯೇ ಆಸ್ಟಿನ್‌ಗೆ ಡ್ರೈವ್ ಮಾಡಿದೆ. ಎಂದೂ ಮುಗಿಯದ ರಸ್ತೆ ರಿಪೇರಿ, ಎರಡೂ ಬದಿಗೆ ಟ್ರಕ್ಕುಗಳು, ಸ್ಟಿಯರಿಂಗ್ ಮೇಲೆ ನನ್ನ ಬೆರಳು ಸುಮ್ಮನಿರಲಿಲ್ಲ. ಎಲ್ಲರಿಗಿಂತ ಮೊದಲು ತಲುಪಿ ಮುಚ್ಚಿದ ಬಾಗಿಲ ಮುಂದೆ ನಿಂತೆವು. ಬಾಗಿಲೇನೋ ತೆರೆಯಿತು, ಸಿನಿಮಾ ತೆರೆಯಲಿಲ್ಲ. ಅದರ ಡಿಜಿಟಲ್ ಬೀಗ ಬಿಚ್ಚುವ ಪಾಸ್‌ವರ್ಡ್ ಬೆಂಗಳೂರಿನಿಂದ ಬಂದಿಲ್ಲ, ಅಲ್ಲಿ ಎಲ್ಲರೂ ಮಲಗಿದ್ದಾರೆ ಎಂದರು. ಜನ ಸಮೋಸಾ ತಿಂದು, ಸೆಲ್ಫಿ ತೆಗೆದುಕೊಂಡು ಹೊರಟರು. ಮನೆಗೆ ಹೋಗೋಣವೇ ಎಂದು ಕೇಳಿದೆ. ಅಮ್ಮ ಸೀಟ್‌ಬೆಲ್ಟ್ ಹಾಕಿಕೊಳ್ಳುತ್ತ, “ಹ್ಯೂಸ್ಟನ್ ಯಾವ ಕಡಿಗೆ?” ಎಂದಳು.

ಭಾನುವಾರ ಹ್ಯೂಸ್ಟನ್ನಿನ ಇಂಡಿಯನ್ ಬೀದಿ ಹಿಲ್‌ಕ್ರಾಫ್ಟ್‌ನ ಹೋಟೆಲಿನಲ್ಲಿ ಅಮ್ಮ ದೋಸೆ ಮುಟ್ಟಲಿಲ್ಲ. ಥಿಯೇಟರಿನಲ್ಲಿ ನಮ್ಮ ಪಕ್ಕಕ್ಕೆ ನಿವೃತ್ತ ಡಾಕ್ಟರ್ ಅಂಕಲ್ ಒಬ್ಬರು, ಅವರ ಹೆಂಡತಿ. ಭಾಷಣಗಳು ಈ ಸಲ ಸರಿಯಾಗಿ ಅರ್ಧ ಗಂಟೆ ನಡೆದವು. ನಾನು ಕುರ್ಚಿಯಲ್ಲಿ ಹೊರಳಾಡುತ್ತಿದ್ದೆ. ಅಮ್ಮ ಅಲುಗಾಡಲಿಲ್ಲ.

ಆಮೇಲೆ ಅವನು ಓಡಿದ. ಬರಿಗಾಲಲ್ಲಿ ಹೊಲದ ಬದುವಿನ ಮೇಲೆ, ಶೂ ಹಾಕಿಕೊಂಡು ಊರೂರ ಮೈದಾನಗಳಲ್ಲಿ. ಓಡುತ್ತಿದ್ದವನು ಯಾರೋ ನಟ ಎಂದು ಗೊತ್ತಿದ್ದೂ ನಾನು ಕುರ್ಚಿಯ ತುದಿಗೆ ಸರಿದೆ. ಕೊನೆಯ ಸುತ್ತಿನಲ್ಲಿ ಅಮ್ಮನ ಚಪ್ಪಲಿ ನೆಲವನ್ನು ಬಡಿಯುತ್ತಿತ್ತು. ಅವನು ಗೆದ್ದಾಗ ಇಡೀ ಥಿಯೇಟರ್ ಎದ್ದು ಚಪ್ಪಾಳೆ ಹೊಡೆಯಿತು, ಅಂಕಲ್ ಶಿಳ್ಳೆ ಕೂಡ ಹಾಕಿದರು. ಅಮ್ಮ ಪರದೆ ಬಿಟ್ಟು ಚಪ್ಪಾಳೆ ಹೊಡೆಯುವವರ ಮುಖಗಳನ್ನೇ ನೋಡುತ್ತಿದ್ದಳು.

ಇಲ್ಲಿನ ಥಿಯೇಟರುಗಳಲ್ಲಿ ಇಂಟರ್‌ವಲ್ ಎಂಬುದೇ ಇಲ್ಲ. ನಮ್ಮವರು ಕೇಳಿ, ಕಾಡಿ, ಅದನ್ನೊಂದು ಇಟ್ಟುಕೊಂಡಿದ್ದಾರೆ. ದೀಪ ಹತ್ತಿತು. ಮಾತಾಡಿಕೊಂಡಂತೆ ನಾನು ಕಾರಿನ ಕೀ ಹಿಡಿದು ಎದ್ದೆ. ನಾವಷ್ಟೇ ಅಲ್ಲ, ಅನೇಕರು ಎದ್ದರು. ಬೆಳಗಾದರೆ ಸೋಮವಾರ, ಮಕ್ಕಳ ಸ್ಕೂಲು.

“ನಾವೂ ಹೊರಡೋಣ ಕಣೇ,” ಎಂದರು ಅಂಕಲ್ ತಮ್ಮ ಹೆಂಡತಿಗೆ. “ಒಳ್ಳೇ ಭಾಗ ಆಯ್ತು. ಇನ್ಮೇಲೆ ಬರೀ ಶೂಟಿಂಗು, ಸಾಯೋದು. ಅದನ್ನ ಯಾರು ನೋಡ್ತಾರೆ?” ಎದ್ದು ನಿಂತ ನನ್ನನ್ನು ನೋಡಿ, “ನೀವೂ ಹೊರಟ್ರಾ?” ಎಂದರು.

“ಇಲ್ರೀ,” ಎಂದಳು ಅಮ್ಮ ಕೂತಲ್ಲಿಂದಲೇ. “ಅಂವಾ ನನ್ನ ತಮ್ಮ.”

ಅಂಕಲ್ ಎದ್ದವರು ಹಾಗೆಯೇ ನಿಂತರು. ನಾನು ಬಗ್ಗಿ ಅಮ್ಮನ ಕಿವಿಯಲ್ಲಿ, “ಬಂದೂಕು ಬೇಡ ಅಂತ ನೀನೇ ಅಂದಿದ್ದೆ, ಬಾ,” ಎಂದೆ.

“ಅವತ್ತೂ ಹಿಂಗ ಚಪ್ಪಾಳಿ ಹೊಡದು ಎಲ್ಲಾರೂ ಎದ್ದು ಹೋದ್ರು,” ಎಂದಳು ಅಮ್ಮ, ಬಿಳಿ ಪರದೆಯನ್ನೇ ನೋಡುತ್ತ. “ಗುಡ್ಡದಿಂದ ಇಳದು ಒಮ್ಮೆ ನನ್ನ ಬಾಗಲಕ್ಕ ಬಂದಿದ್ದ. ಅಕ್ಕಾ, ಅಕ್ಕಾ ಅಂತ ಕರದ. ನಾ ಒಳಗಿದ್ದೆ. ತೆಗೀಲಿಲ್ಲ.”

ದೀಪಗಳು ಒಂದೊಂದಾಗಿ ಆರತೊಡಗಿದವು. ಅಮ್ಮ ನನ್ನ ಸೆರಗು ಹಿಡಿದು ಕೆಳಗೆಳೆದಳು.

“ಕುಂದರು. ಅಂವಾ ಬರ್ತಾನ.”

ನಾನು ಕೀಯನ್ನು ಪರ್ಸಿಗೆ ಹಾಕಿ ಕೂತೆ.