ಅಟ್ಟ ಇಳಿಯುವ ತನಕ ಅತ್ತೆಯ ಕಿವಿ

ಆ ವರ್ಷ ನಾನು ಅತ್ತೆಯ ಕಿವಿಯನ್ನು ಮುಂದಕ್ಕೆ ಹಾಕಿದೆ. ತಿಪಟೂರಿನ ಡಾಕ್ಟರು ಎರಡೂ ಕಿವಿಗೆ ಮಿಷನ್ ಹಾಕಿಸಿ ಎಂದಿದ್ದರು. ಬೆಲೆ ನಮ್ಮ ಕೈಗೆಟುಕುವಂತಿರಲಿಲ್ಲ. "ಅಟ್ಟ ಇಳಿಸಿದ ಮೇಲೆ ನೋಡೋಣ" ಎಂದು ಎದ್ದು ಬಂದೆ.

ನಮ್ಮವರು ತುರುವೇಕೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮನೆಯ ಯಜಮಾನರು ಅವರು, ಖರ್ಚಿನ ಯಜಮಾನಿಕೆ ನನ್ನದು. ಸಂಬಳ ಬಂದರೆ ಮೊದಲು ಮಗಳ ಸ್ಕೂಲ್ ಫೀಸು, ಆಮೇಲೆ ದಿನಸಿ, ಗ್ಯಾಸು, ಅತ್ತೆಯ ಶುಗರ್ ಮಾತ್ರೆ. ಟಿವಿ ರೀಚಾರ್ಜ್ ನಿಲ್ಲಿಸಿದೆ. ಮಿಕ್ಸಿ ಕೆಟ್ಟಾಗ ರಿಪೇರಿಗೆ ಕೊಡದೆ ಒರಳಲ್ಲೇ ರುಬ್ಬಿದೆ. ಮದುವೆಗಳಿಗೆ ಒಬ್ಬಳೇ ಹೋಗಿ ಮುಯ್ಯಿ ಮಾಡಿ ಬಂದೆ. ಮಿಕ್ಕಿದ್ದಕ್ಕೆಲ್ಲ ನನ್ನದು ಒಂದೇ ಉತ್ತರ: ಅಟ್ಟ ಇಳಿಯಲಿ.

ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದಲ್ಲಿ ಇಡುತ್ತೇವೆ. ನೀರು ಆರಿ, ಒಳಗಿನ ಕಾಯಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಅಲ್ಲಾಡಿಸಿದರೆ ಲೊಡಲೊಡ ಎನ್ನುತ್ತದೆ. ಆಮೇಲೇ ಅಟ್ಟ ಇಳಿಸಿ ಮಾರುವುದು, ಕೈಗೆ ದುಡ್ಡು ಬರುವುದು. ಅವಸರಕ್ಕೆ ಇಳಿಸಿದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ನಮ್ಮ ಮನೆಯಲ್ಲಿ ಆ ತೀರ್ಮಾನ ಅತ್ತೆಯದು. ನಮ್ಮವರು ನಾಲ್ಕು ಕಾಯಿ ಇಳಿಸಿ ಅವರ ಮುಂದಿಟ್ಟು ಬಸ್ಸಿಗೆ ಓಡುತ್ತಿದ್ದರು. ಅತ್ತೆ ಒಂದೊಂದನ್ನೇ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದರು.

"ಇನ್ನೂ ಆಗಿಲ್ಲ ಕಣೇ. ಇನ್ನೊಂದ್ ಹದಿನೈದ್ ದಿನ ಬುಡು."

ಹೀಗೆ ಮೂರು ಸಲ ಆಯಿತು. ಅಷ್ಟು ದಿನವೂ ಒಂದೊಂದು ಮಾತನ್ನು ನಾಲ್ಕು ನಾಲ್ಕು ಸಲ ಹೇಳಬೇಕಲ್ಲ ಎಂದು ನಾನು ಅವರ ಮೇಲೆ ರೇಗುತ್ತಲೇ ಇದ್ದೆ. ಎರಡಕ್ಕೂ ಸಂಬಂಧವಿದೆ ಎಂದು ಈ ಪೆದ್ದಿಗೆ ಹೊಳೆಯಲಿಲ್ಲ.

ಫೀಸಿನ ಎರಡನೇ ಕಂತಿಗೆ ಹೇಗೋ ದುಡ್ಡು ಜೋಡಿಸಿಟ್ಟಿದ್ದೆ. ಒಂದು ದಿನ ಕಸ ಗುಡಿಸುವಾಗ, ಅತ್ತೆ ಆಗಿಲ್ಲ ಎಂದು ಬದಿಗಿಟ್ಟಿದ್ದ ಕಾಯಿಯನ್ನು ಎತ್ತಿದೆ. ಒಳಗೆ ಲೊಡಲೊಡ. ಇನ್ನೊಂದನ್ನು ಎತ್ತಿದೆ, ಅದೂ ಹಾಗೆಯೇ. ಕೊಬ್ಬರಿ ಯಾವತ್ತೋ ಆಗಿಹೋಗಿತ್ತು.

ಪಿತ್ತ ನೆತ್ತಿಗೇರಿತು. ಅವರ ಕಿವಿಯ ಹತ್ತಿರವೇ ಹೋಗಿ ಕೂಗಿದೆ.

"ಕಾಯಿ ಸದ್ದು ಕೇಳ್ಸಲ್ಲ ಅಂತ ಒಂದ್ ಮಾತು ಹೇಳಕ್ಕೆ ಏನಾಗಿತ್ತತ್ತೆ ನಿಮ್ಗೆ? ಒಂದೂವರೆ ತಿಂಗ್ಳಿಂದ ಕಾಯ್ತಾ ಕೂತಿದೀವಲ್ಲ!"

ಅತ್ತೆ ನನ್ನ ಮುಖ ನೋಡಲಿಲ್ಲ.

"ಹೇಳಿದ್ರೆ ಇದ್ನೂ ಬ್ಯಾಡ ಬುಡು ಅಂತಿದ್ರಿ ಕಣವ್ವ. ಅಡ್ಗೆ ನೀನ್ ಮಾಡ್ತೀಯ, ತ್ವಾಟ ಅವ್ನು ನೋಡ್ಕತಾನೆ. ಈ ಮನೇಲಿ ನನ್ನ ಕೇಳೋದು ಇದೊಂದ್ನೇ."

ನನಗೆ ನಾಚಿಕೆಯಾಯಿತು. ಅಟ್ಟ ಇಳಿಸಲು ಆಳು ಸಿಗುವವರೆಗೂ ಕಾಯಲಿಲ್ಲ. ಮಾರನೆಯ ದಿನವೇ ಫೀಸಿನ ದುಡ್ಡು ಹಿಡಿದು ಅತ್ತೆಯನ್ನು ತಿಪಟೂರಿಗೆ ಕರೆದುಕೊಂಡು ಹೋದೆ. ಇದ್ದ ದುಡ್ಡು ಒಂದೇ ಮಿಷನ್ನಿಗೆ ಆಗುವಷ್ಟಿತ್ತು.

ಯಾವ ಕಿವಿಗೆ ಹಾಕೋಣ ಎಂದು ಡಾಕ್ಟರು ನನ್ನ ಕಡೆ ತಿರುಗಿದರು.

"ಅವರನ್ನೇ ಕೇಳಿ" ಎಂದೆ.